ಮಗುವಿನ ತೊಂದರೆ ಗುರುತಿಸುವುದೂ ಮಗುವಿಗೆ ಶಾಲೆ ಆರಿಸುವುದೂ: ಉಡುಪಿ, ಮಂಗಳೂರಿನ ಸೇವೆಗಳ ವಿಮರ್ಶೆ

ಓದಿನಲ್ಲಿ ಹಿಂದೆ ಬಿದ್ದ ಮಗುವಿನ ತೊಂದರೆ ಏನೆಂದು ತಿಳಿಯಲು ಉಡುಪಿ, ಮಂಗಳೂರಿನ ತಂದೆತಾಯಂದಿರಿಗೆ ದಾರಿಗಳು ಕಡಿಮೆಯಿಲ್ಲ. ಶಾಲೆಯಿದೆ, ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರವಿದೆ, ಮೌಲ್ಯಮಾಪನ ಮಾಡಿಕೊಡುವ ಖಾಸಗಿ ಕೇಂದ್ರಗಳಿವೆ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ, ಪ್ರಮಾಣಪತ್ರ ಬೇಕಾದರೆ ಜಿಲ್ಲಾಸ್ಪತ್ರೆಯಿದೆ. ಈಗ ನಾಲ್ಕನೇ ತರಗತಿಯಲ್ಲಿರುವ ನಮ್ಮ ಮಗಳಿಗಾಗಿ ನಾನೂ ನನ್ನ ಯಜಮಾನರೂ ಕಳೆದ ಶೈಕ್ಷಣಿಕ ವರ್ಷದಲ್ಲಿ ಇವೆಲ್ಲವನ್ನೂ ಬಳಸಿದ್ದೇವೆ. ಇದೇ ದಾರಿಯಲ್ಲಿ ಬರುವ ಇತರರಿಗೆ ಉಪಯೋಗವಾಗಲಿ ಎಂದು ಪ್ರತಿಯೊಂದರ ಗುಣದೋಷಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಮಗೆ ತೊಂದರೆಯಾದ ಕಡೆಗಳ ಹೆಸರನ್ನು ಬರೆದಿಲ್ಲ, ಏಕೆಂದರೆ ಒಂದು ಮಗುವಿನ ಅನುಭವದಿಂದ ಒಂದು ಸಂಸ್ಥೆಯನ್ನು ಅಳೆಯುವುದು ಸರಿಯಲ್ಲ.

ನಾನು ಬಳಸುವ ಅಳತೆ ಒಂದೇ. ಮಗುವಿಗೆ ಏನು ತೊಂದರೆ ಎಂದು ಗುರುತಿಸುವುದು ಒಂದು ಕೆಲಸ. ಆ ಮಗು ಎಲ್ಲಿ, ಯಾರ ಜೊತೆ ಕೂತು ಕಲಿಯಬೇಕು ಎಂದು ತೀರ್ಮಾನಿಸುವುದು ಇನ್ನೊಂದು ಕೆಲಸ. ಮೊದಲನೆಯದು ತಜ್ಞರದು. ಎರಡನೆಯದರಲ್ಲಿ ತಜ್ಞರ ಮಾತಿಗೆ ಬೆಲೆಯಿದ್ದರೂ ಕೊನೆಯ ಮಾತು ಮಗುವಿನ ಮನೆಯವರದು. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆ ಇರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಸಾಮಾನ್ಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ತಾನು ಆರಿಸಿಕೊಂಡ ಕಡೆ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ನಮ್ಮ ಊರುಗಳಲ್ಲಿ ನಡೆಯುವುದು ಬೇರೆ. ವರದಿ ಕೈಗೆ ಬಂದ ದಿನವೇ ಶಾಲೆ ತೀರ್ಮಾನವನ್ನೂ ಮಾಡಿ ಮುಗಿಸಿರುತ್ತದೆ. ಹಾಗಾಗಿ ಯಾವ ಸೇವೆ ಈ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಇಟ್ಟಿತು, ಯಾವುದು ಕಲಸಿಬಿಟ್ಟಿತು ಎಂದು ನೋಡಿಯೇ ನಾನು ಅಂಕ ಕೊಡುತ್ತೇನೆ.

ಶಾಲೆಯಿಂದಲೇ ಶುರುಮಾಡುತ್ತೇನೆ. ಮಗಳು ಓದುವುದು ಉಡುಪಿ ಸಮೀಪದ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ. ಎರಡನೇ ತರಗತಿ ಮುಗಿಯುವ ಹೊತ್ತಿಗೆ ಅವಳ ಜೊತೆಯ ಮಕ್ಕಳು ಪಾಠದ ಸಾಲುಗಳನ್ನು ಓದುತ್ತಿದ್ದರು, ಇವಳು ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು. ಒತ್ತಕ್ಷರ ಬಂದಲ್ಲೆಲ್ಲ ತಡೆ. ‘ಹತ್ತು’ ಎಂಬುದು ‘ಹತು’ ಆಗುತ್ತಿತ್ತು, ‘ಪುಸ್ತಕ’ ಎಂಬುದು ‘ಪುಸಕ’ ಆಗುತ್ತಿತ್ತು. ಅದೇ ಹುಡುಗಿ ಯಕ್ಷಗಾನ ಮೇಳದ ಆಟ ನೋಡಿ ಬಂದರೆ ಮರುದಿನ ಅಜ್ಜಿಯ ಮುಂದೆ ಎರಡು ಮೂರು ಪಾತ್ರಗಳ ಮಾತನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು. ತರಗತಿ ಟೀಚರ್ ಇದನ್ನು ಗಮನಿಸಿದ್ದರು, ಮನೆಯಲ್ಲಿ ಇನ್ನಷ್ಟು ಓದಿಸಿ ಎಂದು ಡೈರಿಯಲ್ಲಿ ಬರೆಯುತ್ತಿದ್ದರು. ಮೂರನೇ ತರಗತಿಯ ಮೊದಲ ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಎಫ್‌ಎ ಪರೀಕ್ಷೆಯ ನಂತರ ಮುಖ್ಯೋಪಾಧ್ಯಾಯಿನಿ ನಮ್ಮನ್ನು ಕರೆಸಿದರು. “ನೋಡಿ ಮೇಡಂ, ನಮ್ಮಲ್ಲಿ ಇಷ್ಟು ಮಕ್ಕಳಿರುವಾಗ ಇವಳೊಬ್ಬಳನ್ನೇ ನೋಡುವುದಕ್ಕೆ ಆಗುವುದಿಲ್ಲ. ಒಂದು ಟೆಸ್ಟ್ ಮಾಡಿಸಿ, ಆಮೇಲೆ ಅವಳಿಗೆ ಸರಿಹೊಂದುವ ಶಾಲೆ ನೋಡಿದರೆ ಒಳ್ಳೆಯದು” ಎಂದರು. ಅವರು ಅದನ್ನು ಕಾಳಜಿಯಿಂದಲೇ ಹೇಳಿದರು ಎಂದು ನಾನು ನಂಬುತ್ತೇನೆ. ಆದರೆ ಪರೀಕ್ಷೆ ನಡೆಯುವ ಮೊದಲೇ ಬೇರೆ ಶಾಲೆಯ ಮಾತು ಬಂದಿತ್ತು.

ಇಂಥ ಸಂದರ್ಭದಲ್ಲಿ ತಂದೆತಾಯಂದಿರು ಎರಡು ವಿಷಯ ತಿಳಿದಿರಬೇಕು. ಒಂದು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಹಚ್ಚಿ ತಕ್ಕ ಬೋಧನಾ ಕ್ರಮ ಕೈಗೊಳ್ಳುವ ಹೊಣೆಯನ್ನು ಮೇಲೆ ಹೇಳಿದ ಕಾಯ್ದೆಯ 16ನೇ ಸೆಕ್ಷನ್ ಸರಕಾರದಿಂದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳ ಮೇಲೆಯೇ ಇರಿಸಿದೆ. ಟೆಸ್ಟ್ ಮಾಡಿಸಿಕೊಂಡು ಬನ್ನಿ ಎಂದು ಮನೆಯವರನ್ನು ಕಳುಹಿಸಿ ಕೈತೊಳೆದುಕೊಳ್ಳುವುದಕ್ಕೆ ಅಲ್ಲಿ ಅವಕಾಶವಿಲ್ಲ. ಎರಡು, 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ, ಆದ್ದರಿಂದ ಟಿ.ಸಿ. ತೆಗೆದುಕೊಂಡು ಹೋಗಿ ಎಂಬ ಮಾತಿಗೆ ಹೆದರಬೇಕಾಗಿಲ್ಲ. ಆದರೆ ಕರಾವಳಿಯ ಓದುಗರು ಇಲ್ಲೊಂದು ವಿಷಯ ಗಮನಿಸಬೇಕು. ಮಂಗಳೂರು, ಉಡುಪಿಗಳ ಹಲವು ಹಳೆಯ, ಹೆಸರುವಾಸಿ ಶಾಲೆಗಳು ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಸೇರಿದವು, ಅಂಥ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರಲ್ಲಿ ತೀರ್ಪು ನೀಡಿದೆ. ಹಾಗಾಗಿ ನಮ್ಮ ಕಡೆಯ ತಂದೆತಾಯಂದಿರು ಪತ್ರ ಬರೆಯುವಾಗ ಶಿಕ್ಷಣ ಹಕ್ಕು ಕಾಯ್ದೆಯನ್ನಷ್ಟೇ ನೆಚ್ಚಿಕೊಳ್ಳದೆ 2016ರ ಕಾಯ್ದೆಯನ್ನೇ ಮುಂದಿಡುವುದು ಗಟ್ಟಿ ದಾರಿ.

ಗುರುತಿಸುವ ಕೆಲಸದಲ್ಲಿ ಶಾಲೆಗೆ ನಾನು ಅರ್ಧ ಅಂಕ ಕೊಡಬಲ್ಲೆ. ಸಾಮಾನ್ಯ ಶಿಕ್ಷಕರೇ ಬಳಸಬಹುದಾದ ‘ಪ್ರಶಸ್ತ್’ ಎಂಬ ಪರಿಶೀಲನಾ ಪಟ್ಟಿಯನ್ನೂ ಆ್ಯಪನ್ನೂ ಎನ್‌ಸಿಇಆರ್‌ಟಿ 2022ರಲ್ಲಿ ಹೊರತಂದಿದೆ. ಅದರ ಮೊದಲ ಭಾಗವನ್ನು ತರಗತಿ ಶಿಕ್ಷಕರು ತುಂಬುತ್ತಾರೆ, ಎರಡನೆಯದನ್ನು ವಿಶೇಷ ಶಿಕ್ಷಕರೋ ಮುಖ್ಯ ಶಿಕ್ಷಕರೋ ನೋಡುತ್ತಾರೆ. ಅದು ರೋಗನಿರ್ಣಯವಲ್ಲ, ಮುಂದಿನ ಪರೀಕ್ಷೆ ಬೇಕೇ ಎಂದು ತಿಳಿಸುವ ಮೊದಲ ಜರಡಿ. ನಾವು ಕೇಳಿದ ಮೇಲೆ ನಮ್ಮ ಶಾಲೆಯಲ್ಲಿ ಅದನ್ನು ತುಂಬಿದರು, ಕೇಳುವ ಮೊದಲು ತುಂಬಿರಲಿಲ್ಲ.

ಇದಕ್ಕೂ ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆ ಆಗಬೇಕು ಎಂಬುದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಬಂದು ಮಕ್ಕಳನ್ನು ನೋಡಬೇಕು. ನಮ್ಮ ಶಾಲೆಗೆ ಬಂದ ತಂಡ ಕಣ್ಣು, ಹಲ್ಲು, ತೂಕ ನೋಡಿ ಚೀಟಿ ಕೊಟ್ಟಿತು. ಕೆಲಸ ಅಚ್ಚುಕಟ್ಟಾಗಿತ್ತು, ಆದರೆ ಒಂದು ತರಗತಿಗೆ ಸಿಗುವ ಸಮಯದಲ್ಲಿ ಕಲಿಕೆಯ ತೊಂದರೆ ಅವರ ಕಣ್ಣಿಗೆ ಬೀಳುವುದು ಕಷ್ಟ. ಖಾಸಗಿ ಅನುದಾನರಹಿತ ಶಾಲೆಯ ಮಕ್ಕಳಿಗೆ ಈ ತಪಾಸಣೆಯೂ ಇಲ್ಲ. ಶ್ರವಣ ಪರೀಕ್ಷೆಗೆ ಮಾತ್ರ ನಮ್ಮ ಭಾಗದಷ್ಟು ಅನುಕೂಲ ರಾಜ್ಯದ ಬೇರೆ ಕಡೆ ಸಿಗುವುದು ಅಪರೂಪ, ಮಣಿಪಾಲದಲ್ಲಿಯೂ ಮಂಗಳೂರಿನಲ್ಲಿಯೂ ವಾಕ್ ಮತ್ತು ಶ್ರವಣ ವಿಜ್ಞಾನ ಕಲಿಸುವ ಕಾಲೇಜುಗಳೇ ಇವೆ. ಮಗಳ ಕಣ್ಣು, ಕಿವಿ ಎರಡೂ ಸರಿಯಿದ್ದವು.

ನಾನು ಅತ್ಯಂತ ಹೆಚ್ಚು ಹೊಗಳಬೇಕಾದ ಸೇವೆ ಜನರಿಗೆ ಅತ್ಯಂತ ಕಡಿಮೆ ಗೊತ್ತಿರುವ ಸೇವೆಯೂ ಹೌದು. ಪ್ರತಿ ಶೈಕ್ಷಣಿಕ ಬ್ಲಾಕಿನ ಸಂಪನ್ಮೂಲ ಕೇಂದ್ರದಲ್ಲಿ ಸಮಗ್ರ ಶಿಕ್ಷಣ ಯೋಜನೆಯಡಿ ಸಮನ್ವಯ ಶಿಕ್ಷಣಕ್ಕೆ ನಿಯೋಜಿತರಾದ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಇಲಾಖೆಯಲ್ಲಿ ಎಲ್ಲರೂ ಅವರನ್ನು ಬಿಐಇಆರ್‌ಟಿ ಎಂದೇ ಕರೆಯುತ್ತಾರೆ. ಅವರ ಸೇವೆಗೆ ಶುಲ್ಕವಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿದರೆ ಯಾರು, ಯಾವ ದಿನ ಸಿಗುತ್ತಾರೆ ಎಂದು ಹೇಳುತ್ತಾರೆ. ನಮ್ಮ ಬ್ಲಾಕಿನ ಬಿಐಇಆರ್‌ಟಿ ಮಗಳನ್ನು ಕಚೇರಿಗೆ ಕರೆಸಲಿಲ್ಲ, ತಾವೇ ಶಾಲೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಅವಳು ಬೋರ್ಡಿನಿಂದ ನಕಲು ಮಾಡುವಾಗ ಪ್ರತಿ ಅಕ್ಷರಕ್ಕೂ ತಲೆಯೆತ್ತಿ ನೋಡುತ್ತಾಳೆ, ಮತ್ತೆ ತಗ್ಗಿಸುವಷ್ಟರಲ್ಲಿ ಸಾಲು ತಪ್ಪುತ್ತಾಳೆ ಎಂಬುದನ್ನು ಮೊದಲು ಗುರುತು ಹಾಕಿಕೊಂಡವರು ಅವರೇ. ಆಮೇಲೆ ವರಾಂಡದಲ್ಲಿ ಒಂದು ಸಣ್ಣ ಕತೆಯನ್ನು ಅವಳಿಂದ ಓದಿಸಿದರು. ಅರ್ಧ ಪುಟಕ್ಕೇ ಅವಳು ಸೋತಳು. ಅದೇ ಮಟ್ಟದ ಇನ್ನೊಂದು ಕತೆಯನ್ನು ತಾವೇ ಓದಿ ಹೇಳಿ ಪ್ರಶ್ನೆ ಕೇಳಿದರು. ಎಲ್ಲಕ್ಕೂ ಉತ್ತರ ಬಂತು, ಕತೆ ಮುಂದೆ ಹೇಗೆ ಹೋಗಬಹುದು ಎಂಬುದನ್ನೂ ಅವಳು ಸೇರಿಸಿದಳು. ಮನೆಯಲ್ಲಿ ಯಾವ ಭಾಷೆ ಎಂದು ಕೇಳಿ, ತುಳು ಎಂದಾಗ, ಅಜ್ಜಿ ಹೇಳಿದ ಒಂದು ಕತೆಯನ್ನು ತುಳುವಿನಲ್ಲೇ ಹೇಳಿಸಿದರು.

ಈ ಕೊನೆಯ ಹೆಜ್ಜೆ ನಮ್ಮ ಜಿಲ್ಲೆಗಳಲ್ಲಿ ಎಷ್ಟು ಮುಖ್ಯ ಎಂದು ಹೇಳಲೇಬೇಕು. ಇಲ್ಲಿನ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪ್ರ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ಪುಸ್ತಕದ ಕನ್ನಡ ಅಥವಾ ಇಂಗ್ಲಿಷ್ ಓದುತ್ತಾರೆ. ಶಾಲೆಯ ಭಾಷೆ ಇನ್ನೂ ಹಿಡಿತಕ್ಕೆ ಬಾರದ ಮಗುವನ್ನು ಬುದ್ಧಿ ಮಂದ ಎಂದು ಬರೆದುಬಿಡುವ ಅಪಾಯವೂ ಇದೆ, ನಿಜವಾದ ಕಲಿಕಾ ನ್ಯೂನತೆಯನ್ನು ಮನೆಮಾತು ಬೇರೆ ಎಂಬ ಕಾರಣ ಹೇಳಿ ವರ್ಷಗಟ್ಟಲೆ ಮುಂದೂಡುವ ಅಪಾಯವೂ ಇದೆ. ಮನೆಮಾತಿನಲ್ಲಿ ಕೇಳಿ ತಿಳಿಯುವ, ಹೇಳುವ ಶಕ್ತಿ ಚೆನ್ನಾಗಿದ್ದು ಅಕ್ಷರ ಎದುರಿಗೆ ಬಂದಾಗ ಮಾತ್ರ ತಡೆಯಾಗುತ್ತಿದ್ದರೆ ತೊಂದರೆ ಇರುವುದು ಓದಿನಲ್ಲಿ ಎಂದು ಬಹುಮಟ್ಟಿಗೆ ತಿಳಿಯುತ್ತದೆ. ಬಿಐಇಆರ್‌ಟಿ ತಮ್ಮ ಟಿಪ್ಪಣಿಯಲ್ಲಿ ಇಷ್ಟನ್ನೇ ಬರೆದು, ಮನಃಶಾಸ್ತ್ರಜ್ಞರ ಮೌಲ್ಯಮಾಪನ ಬೇಕು ಎಂದರು. ಶಾಲೆ ಬದಲಿಸುವ ಬಗ್ಗೆ ನಾನೇ ಕೇಳಿದಾಗ, “ಅಮ್ಮಾ, ಅದನ್ನು ಈಗ ಮಾತಾಡುವುದು ಬೇಡ. ಮೊದಲು ಏನು ತೊಂದರೆ ಎಂದು ಗೊತ್ತಾಗಲಿ, ಆಮೇಲೆ ಇಲ್ಲೇ ಏನೇನು ಮಾಡಬಹುದು ನೋಡುವ” ಎಂದರು. ಈ ಒಂದು ಮಾತಿಗಾಗಿ ಅವರಿಗೆ ಪೂರ್ತಿ ಅಂಕ.

ಈ ಸೇವೆಯ ಕೊರತೆ ಅವರದಲ್ಲ, ವ್ಯವಸ್ಥೆಯದು. ಒಂದು ಬ್ಲಾಕಿನ ಅಷ್ಟೂ ಶಾಲೆಗಳು, ಮನೆಯಿಂದ ಹೊರಗೆ ಬರಲಾರದ ಮಕ್ಕಳ ಗೃಹಾಧಾರಿತ ಶಿಕ್ಷಣ, ವೈದ್ಯಕೀಯ ಶಿಬಿರಗಳ ಏರ್ಪಾಡು, ಸಾಧನ ಸಲಕರಣೆಗಳ ವಿತರಣೆ ಎಲ್ಲವೂ ಕೆಲವೇ ಜನರ ಹೆಗಲ ಮೇಲಿದೆ. ವಾರಕ್ಕೊಮ್ಮೆ ಬರುತ್ತೇನೆ ಎಂದವರು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು, ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ವಾರಗಳಲ್ಲಿ ಅದೂ ತಪ್ಪಿತು. ಕೇಂದ್ರ ಸರಕಾರ 2022ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕು. ಇದು ಸುಪ್ರೀಂ ಕೋರ್ಟಿನ 2021ರ ತೀರ್ಪಿನ ಫಲ. ಅಷ್ಟು ಹುದ್ದೆಗಳನ್ನು ಗುರುತಿಸಿ ತುಂಬಿ ಎಂದು ಅದೇ ನ್ಯಾಯಾಲಯ 2025ರಲ್ಲಿ ಮತ್ತೆ ರಾಜ್ಯಗಳಿಗೆ ಹೇಳಬೇಕಾಗಿ ಬಂತು. ನಮ್ಮ ಬ್ಲಾಕಿನ ಆ ಶಿಕ್ಷಕಿಯಂಥವರು ಪ್ರತಿ ಕ್ಲಸ್ಟರಿಗೆ ಒಬ್ಬರಿದ್ದರೂ ಸಾಕು, ಈ ಬರಹದಲ್ಲಿ ದೂರುವುದಕ್ಕೆ ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಖಾಸಗಿ ಮೌಲ್ಯಮಾಪನ ಕೇಂದ್ರವೊಂದಕ್ಕೆ ಹೋದದ್ದು ಬೇಗ ಆಗಲಿ ಎಂಬ ಕಾರಣಕ್ಕೆ. ನಿಜವಾಗಿಯೂ ಬೇಗ ಆಯಿತು. ಫೋನ್ ಮಾಡಿದ ವಾರದಲ್ಲೇ ಸಮಯ ಕೊಟ್ಟರು, ಕೂರುವ ಜಾಗ ಚೊಕ್ಕಟವಾಗಿತ್ತು, ಮಗುವಿನೊಂದಿಗೆ ನಗುನಗುತ್ತ ಮಾತಾಡಿದರು. ಐದು ಸಾವಿರ ರೂಪಾಯಿಗೆ ಹತ್ತಿರದ ಶುಲ್ಕ ತೆಗೆದುಕೊಂಡು ಎರಡು ಪುಟದ ವರದಿ ಕೊಟ್ಟರು. ಆ ವರದಿಯಲ್ಲಿ ಬುದ್ಧಿಮಟ್ಟದ ಅಂಕಿ ಇತ್ತು, ಓದು ತರಗತಿಗಿಂತ ಹಿಂದಿದೆ ಎಂಬ ಮಾತಿತ್ತು, ಕೊನೆಯಲ್ಲಿ ‘ವಿಶೇಷ ಶಿಕ್ಷಣದ ನೆರವು ಅಗತ್ಯ’ ಎಂಬ ಒಂದೇ ಸಾಲಿತ್ತು. ಆ ನೆರವನ್ನು ಯಾರು ಕೊಡಬೇಕು, ಎಲ್ಲಿ, ವಾರಕ್ಕೆ ಎಷ್ಟು ಹೊತ್ತು, ತರಗತಿಯಲ್ಲಿ ಟೀಚರ್ ಏನು ಬದಲಿಸಬೇಕು ಎಂಬ ಯಾವ ವಿವರವೂ ಇರಲಿಲ್ಲ. ವರದಿ ಬಿಟ್ಟ ಖಾಲಿ ಜಾಗವನ್ನು ಶಾಲೆ ತನಗೆ ತೋಚಿದಂತೆ ತುಂಬಿಕೊಂಡಿತು. “ನೋಡಿ, ಅವರೇ ಬರೆದಿದ್ದಾರಲ್ಲ, ಇನ್ನು ವಿಶೇಷ ಶಾಲೆಯೇ” ಎಂದು ನಮಗೆ ಹೇಳಿದರು. ಎರಡು ತೀರ್ಮಾನಗಳು ಒಂದರೊಳಗೊಂದು ಕಲಸಿಹೋದ ಜಾಗ ಇದೇ, ಆದ್ದರಿಂದ ಈ ಕೇಂದ್ರಕ್ಕೆ ವೇಗ, ಸೌಜನ್ಯಗಳ ಅಂಕ ಬಿಟ್ಟು ಬೇರೆ ಕೊಡಲಾರೆ.

ಖಾಸಗಿಯವರೆಲ್ಲ ಹೀಗೆ ಎಂದು ನಾನು ಹೇಳುತ್ತಿಲ್ಲ. ಹಣ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ ಎಂದಷ್ಟೇ ಹೇಳುತ್ತೇನೆ. ಮೌಲ್ಯಮಾಪನ ಮಾಡುವ ಚಿಕಿತ್ಸಾ ಮನಃಶಾಸ್ತ್ರಜ್ಞರು, ವಿಶೇಷ ಶಿಕ್ಷಕರು 1992ರ ಕಾಯ್ದೆಯಡಿ ರಚಿತವಾದ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು, ಆ ನೋಂದಣಿ ಸಂಖ್ಯೆಯನ್ನು ಕೇಳುವುದು ಅವಮಾನ ಮಾಡಿದಂತಲ್ಲ. ಯಾವ ಭಾಷೆಯಲ್ಲಿ ಓದು ಬರಹ ಪರೀಕ್ಷಿಸುತ್ತೀರಿ ಎಂದು ಕೇಳಿ. ಕನ್ನಡ ಮಾಧ್ಯಮದ ಮಗುವಿನ ಓದನ್ನು ಇಂಗ್ಲಿಷ್ ಪುಟ ಕೊಟ್ಟು ಅಳೆದರೆ ಬರುವ ಫಲಿತಾಂಶಕ್ಕೆ ಅರ್ಥವಿಲ್ಲ. ಯಾವ ಪರೀಕ್ಷಾ ಸಾಧನ ಬಳಸುತ್ತೀರಿ ಎಂದೂ ಕೇಳಿ. ನಿರ್ದಿಷ್ಟ ಕಲಿಕಾ ನ್ಯೂನತೆಗೆ ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯನ್ನು. ಅದರಲ್ಲಿ 5ರಿಂದ 7 ವರ್ಷದವರಿಗೆ ಒಂದು ಹಂತ, 8ರಿಂದ 12 ವರ್ಷದವರಿಗೆ ಇನ್ನೊಂದು ಹಂತ. ಗಮನ, ಓದು, ಬರಹ, ಕಾಗುಣಿತ, ಗಣಿತ, ಕಣ್ಣು ಕೈಗಳ ಹೊಂದಾಣಿಕೆ, ನೋಡಿದ್ದನ್ನೂ ಕೇಳಿದ್ದನ್ನೂ ನೆನಪಿಡುವ ಶಕ್ತಿ ಇವೆಲ್ಲವನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಸ್ವಲೀನತೆಗೆ (ಆಟಿಸಂ), ಬೌದ್ಧಿಕ ನ್ಯೂನತೆಗೆ ಬಳಸುವ ಮಾಪನಗಳು ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ತರಗತಿಯಲ್ಲಿ ಏನು ಮಾಡಬೇಕು ಎಂಬ ಪುಟ ವರದಿಯಲ್ಲಿ ಇರುತ್ತದೆಯೇ ಎಂದು ಮೊದಲೇ ಕೇಳಿ, ಇಲ್ಲ ಎಂದರೆ ಬೇರೆ ಕಡೆ ಹೋಗಿ.

ನಾವು ಹೋದ ಬೇರೆ ಕಡೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಮಂಗಳೂರು ಮಣಿಪಾಲಗಳ ನಡುವೆ ಅರುವತ್ತೈದು ಕಿಲೋಮೀಟರಿನೊಳಗೆ ಇಷ್ಟೊಂದು ವೈದ್ಯಕೀಯ ಕಾಲೇಜುಗಳಿರುವುದು ನಮ್ಮ ಭಾಗ್ಯ. ಒಂದೇ ಕಟ್ಟಡದಲ್ಲಿ ಮಕ್ಕಳ ತಜ್ಞರು, ಮನಃಶಾಸ್ತ್ರಜ್ಞರು, ಆಕ್ಯುಪೇಷನಲ್ ಥೆರಪಿಯವರು, ವಾಕ್ ತಜ್ಞರು ಸಿಗುತ್ತಾರೆ, ಶುಲ್ಕ ಖಾಸಗಿ ಕೇಂದ್ರಕ್ಕಿಂತ ಬಹಳ ಕಡಿಮೆ. ಕಾಯಬೇಕಾದದ್ದು ಮಾತ್ರ ಹೆಚ್ಚು. ಬೆಳಿಗ್ಗೆ ಚೀಟಿ ಮಾಡಿಸಿ ಕೂತರೆ ಮಧ್ಯಾಹ್ನದ ಹೊತ್ತಿಗೆ ಮಗು ದಣಿದಿರುತ್ತದೆ, ದಣಿದ ಮಗುವಿನ ಗಮನವನ್ನು ಅಳೆಯುವುದು ಎಷ್ಟು ಸರಿ ಎಂಬ ಪ್ರಶ್ನೆಯನ್ನು ನಾನು ಅಲ್ಲಿಯೇ ಎತ್ತಿದೆ. ಅವರು ಅದನ್ನು ಒಪ್ಪಿ ಓದಿನ ಪರೀಕ್ಷೆಯನ್ನು ಇನ್ನೊಂದು ದಿನದ ಬೆಳಿಗ್ಗೆಗೆ ಹಾಕಿದರು. ಶಾಲೆಯ ನೋಟ್ ಪುಸ್ತಕಗಳನ್ನು, ಬಿಐಇಆರ್‌ಟಿಯವರ ಟಿಪ್ಪಣಿಯನ್ನು ಓದಿ ನೋಡಿದರು, ಮನೆಯಲ್ಲಿ ಅವಳು ಚೆನ್ನಾಗಿ ಮಾಡುವ ಕೆಲಸಗಳೇನು ಎಂದು ಕೇಳಿ ಅದನ್ನೂ ಬರೆದುಕೊಂಡರು. ಕೊನೆಗೆ ಬಂದ ವರದಿ, ಬುದ್ಧಿಶಕ್ತಿ ವಯಸ್ಸಿಗೆ ತಕ್ಕಂತಿದೆ, ಓದು ಮತ್ತು ಕಾಗುಣಿತ ಎರಡು ತರಗತಿ ಹಿಂದಿವೆ, ಇದು ಡಿಸ್ಲೆಕ್ಸಿಯಾ, ಅಂದರೆ ಓದಿಗೆ ಸಂಬಂಧಿಸಿದ ಕಲಿಕಾ ನ್ಯೂನತೆ ಎಂದಿತು. ಆ ನಂತರ ಒಂದೂವರೆ ಪುಟದಷ್ಟು ತರಗತಿಯ ಸಲಹೆಗಳಿದ್ದವು. ಯಾವ ಶಾಲೆ ಎಂಬ ಬಗ್ಗೆ ಅವರು ಬರೆದದ್ದು, ಈಗಿನ ಶಾಲೆಯಲ್ಲೇ ಈ ಬೆಂಬಲಗಳೊಂದಿಗೆ ಮುಂದುವರಿದು ಒಂದು ವರ್ಷದ ಬಳಿಕ ಮತ್ತೆ ನೋಡಬಹುದು ಎಂದಷ್ಟೇ. ಇದು ಹಿಡಿದಿಟ್ಟುಕೊಳ್ಳಬೇಕಾದ ವರದಿ.

ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿನ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಬಗ್ಗೆ ತುಂಬ ಗೊಂದಲವಿದೆ. ಉಡುಪಿಯವರು ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ, ಮಂಗಳೂರಿನವರು ವೆನ್ಲಾಕ್‌ಗೆ ಹೋಗುತ್ತಾರೆ, ಅರ್ಜಿಯನ್ನು ಮೊದಲು ಆನ್‌ಲೈನಿನಲ್ಲಿ ಹಾಕಬೇಕು. ಹಳ್ಳಿಯವರಿಗೆ ಪಂಚಾಯತಿನಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈ ಕೆಲಸದಲ್ಲಿ ನೆರವಾಗುತ್ತಾರೆ, ಅವರನ್ನು ಕೇಳುವುದಕ್ಕೆ ಸಂಕೋಚ ಬೇಡ. ಕೇಂದ್ರದ ಮಾರ್ಗಸೂಚಿಯಂತೆ ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು 8 ವರ್ಷ ತುಂಬಿದ ಮೇಲಷ್ಟೇ ಕೊಡುತ್ತಾರೆ, 14ರಲ್ಲಿ ಮತ್ತು 18ರಲ್ಲಿ ಮರುಪರೀಕ್ಷೆ ಆಗಬೇಕು. ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸಲ್ಲಿಸಲು 2016ರ ಕಾಯ್ದೆಯ 59ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಪ್ರಮಾಣಪತ್ರವಿಲ್ಲದೆ ತರಗತಿಯಲ್ಲಿ ಏನೂ ಮಾಡಲಾಗದು ಎಂದು ನಮ್ಮ ಶಾಲೆ ಮೊದಲಿಗೆ ಹೇಳಿತ್ತು. ಅದು ಸರಿಯಲ್ಲ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುವುದಕ್ಕೂ, ಪ್ರಶ್ನೆಯನ್ನು ಓದಿ ಹೇಳುವುದಕ್ಕೂ ಯಾವ ಮುದ್ರೆಯೂ ಬೇಕಾಗಿಲ್ಲ. ಪಬ್ಲಿಕ್ ಪರೀಕ್ಷೆಯ ರಿಯಾಯಿತಿ, ಸ್ಕಾಲರ್‌ಶಿಪ್, ಮುಂದಿನ ಮೀಸಲಾತಿಗಳಿಗೆ ಪ್ರಮಾಣಪತ್ರ ಬೇಕು, ಇಂದಿನ ಪಾಠಕ್ಕೆ ಅದನ್ನು ಕಾಯಬಾರದು.

ಅಮೆರಿಕದಲ್ಲಿರುವ ನನ್ನ ತಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವನು ಅಲ್ಲಿನ ಕ್ರಮವನ್ನು ವಿವರಿಸಿದ, ಆಮೇಲೆ ನಾನೂ ಓದಿ ನೋಡಿದೆ. ಅಲ್ಲಿ 1975ರಿಂದಲೇ ಈ ಬಗ್ಗೆ ಕೇಂದ್ರದ ಕಾಯ್ದೆ ಇದೆ. ತಂದೆತಾಯಿಯ ಲಿಖಿತ ಒಪ್ಪಿಗೆಯಿಲ್ಲದೆ ಶಾಲೆ ಮಗುವಿನ ಮೊದಲ ಮೌಲ್ಯಮಾಪನ ಮಾಡುವಂತಿಲ್ಲ. ಒಪ್ಪಿಗೆ ಕೊಟ್ಟ ಮೇಲೆ 60 ದಿನಗಳಲ್ಲಿ, ಅಥವಾ ಆಯಾ ರಾಜ್ಯ ಗೊತ್ತುಮಾಡಿದ ಅವಧಿಯಲ್ಲಿ, ಅದನ್ನು ಮುಗಿಸಬೇಕು. ವೈಯಕ್ತಿಕ ಶೈಕ್ಷಣಿಕ ಯೋಜನೆ ಬರೆಯುವ ಸಭೆಯಲ್ಲಿ ತಂದೆತಾಯಿ ಸದಸ್ಯರೇ ಆಗಿರುತ್ತಾರೆ, ಯೋಜನೆಯನ್ನು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು. ಶಾಲೆಯ ವರದಿ ಒಪ್ಪಿಗೆಯಾಗದಿದ್ದರೆ ಸಾರ್ವಜನಿಕ ಖರ್ಚಿನಲ್ಲಿ ಹೊರಗಿನ ತಜ್ಞರಿಂದ ಇನ್ನೊಂದು ಮೌಲ್ಯಮಾಪನ ಕೇಳಬಹುದು, ಆಗ ಶಾಲೆ ಅದನ್ನು ಮಾಡಿಸಬೇಕು ಅಥವಾ ತನ್ನ ವರದಿ ಸರಿಯಾಗಿದೆ ಎಂದು ವಿಚಾರಣೆಯಲ್ಲಿ ಸಾಧಿಸಬೇಕು. ಅಲ್ಲಿಯೂ ಜಗಳಗಳಿವೆ, ವಕೀಲರಿದ್ದಾರೆ. ಆದರೂ ಗುರುತಿಸುವುದಕ್ಕೊಂದು ಸಹಿ, ಸೇವೆ ಆರಂಭಿಸುವುದಕ್ಕೆ ಬೇರೊಂದು ಸಹಿ ಎಂಬ ವ್ಯವಸ್ಥೆ ನಮ್ಮಲ್ಲೂ ಬರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಮ್ಮ ಕಾಯ್ದೆಯಲ್ಲಿ ಹಕ್ಕು ಇದೆ, ಶಾಲೆ ಇಷ್ಟು ದಿನದೊಳಗೆ ಉತ್ತರಿಸಬೇಕು ಎಂಬ ಗಡುವಿಲ್ಲ.

ಗಡುವು ಇಲ್ಲದ ಕಡೆ ಪತ್ರವೇ ಗಡುವು. ನಾವು ಶಾಲೆಗೆ ಒಂದು ಪುಟದ ಕೋರಿಕೆ ಬರೆದು, ಮೇಲೆ ಹೇಳಿದ 16ನೇ ಸೆಕ್ಷನ್ ನಮೂದಿಸಿ, ಆಸ್ಪತ್ರೆಯ ವರದಿಯ ಪ್ರತಿ ಲಗತ್ತಿಸಿ, ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಕೊಟ್ಟು ಎರಡೂ ಕಡೆ ಸ್ವೀಕೃತಿ ಸಹಿ ಪಡೆದೆವು. ಬಾಯಿಮಾತಿನಲ್ಲಿ ತಿಂಗಳುಗಟ್ಟಲೆ ಅಲುಗದ ವಿಷಯ ಆ ಸಹಿಯ ನಂತರ ಸಭೆಯ ತನಕ ಬಂತು. ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿ, ತರಗತಿ ಟೀಚರ್, ಬಿಐಇಆರ್‌ಟಿ, ನಾವಿಬ್ಬರು ಇದ್ದೆವು. ವಿಶೇಷ ಶಾಲೆಯ ಮಾತು ಮತ್ತೆ ಬಂದಾಗ ಬಿಐಇಆರ್‌ಟಿ, ಇಲ್ಲಿ ಏನನ್ನೂ ಪ್ರಯತ್ನಿಸದೆ ಅದನ್ನು ಚರ್ಚಿಸಲಾಗದು ಎಂದು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿದರು. ಒಂದು ಹಾಳೆಯ ಯೋಜನೆ ಬರೆದುಕೊಂಡೆವು. ಅವಳನ್ನು ಎಲ್ಲರೆದುರು ನಿಲ್ಲಿಸಿ ಗಟ್ಟಿಯಾಗಿ ಓದಿಸಬಾರದು, ತಪ್ಪಾದ ಪದವನ್ನು ಹತ್ತು ಸಲ ಬರೆಸುವ ಶಿಕ್ಷೆ ಬೇಡ, ಎಫ್‌ಎ ಪರೀಕ್ಷೆಗಳಲ್ಲಿ ಪ್ರಶ್ನೆಯನ್ನು ಓದಿ ಹೇಳಿ ಒಂದು ಭಾಗದ ಉತ್ತರವನ್ನು ಬಾಯಿಮಾತಿನಲ್ಲಿ ಪಡೆಯಬೇಕು, ಪರಿಸರ ಅಧ್ಯಯನದಲ್ಲಿ ಕಾಗುಣಿತಕ್ಕೆ ಅಂಕ ಕಡಿಯಬಾರದು, ಬೋರ್ಡಿನ ಬರಹದ ಬದಲು ಮುದ್ರಿತ ಹಾಳೆ ಕೊಡಬೇಕು. ದಸರಾ ರಜೆಯ ಹೊತ್ತಿಗೆ ಸಜಾತೀಯ ಒತ್ತಕ್ಷರದ ಪದಗಳು, ಡಿಸೆಂಬರಿಗೆ ವಿಜಾತೀಯ ಒತ್ತಕ್ಷರದ ಪದಗಳು ಎಂಬುದು ಓದಿನ ಗುರಿ. ಎಲ್ಲರೂ ಸಹಿ ಹಾಕಿದೆವು. ತರಗತಿ ಟೀಚರ್ ಅದನ್ನು ನಿಷ್ಠೆಯಿಂದ ಪಾಲಿಸಿದರು, ಮುದ್ರಿತ ಹಾಳೆಯ ಉಪಯೋಗ ಬೇರೆ ಮೂರು ನಾಲ್ಕು ಮಕ್ಕಳಿಗೂ ಆಯಿತು ಎಂದು ಅವರೇ ಆಮೇಲೆ ಹೇಳಿದರು.

ಇಷ್ಟು ಓದಿದವರು ನಾನು ವಿಶೇಷ ಶಾಲೆಗಳ ವಿರೋಧಿ ಎಂದುಕೊಳ್ಳಬಾರದು. ಮಂಗಳೂರಿನಲ್ಲಿ ಸೇಂಟ್ ಆಗ್ನೆಸ್ ವಿಶೇಷ ಶಾಲೆ, ಶಕ್ತಿನಗರದ ಸಾನಿಧ್ಯ, ಉಡುಪಿಯಲ್ಲಿ ಆಶಾ ನಿಲಯ, ಹೀಗೆ ಬೌದ್ಧಿಕ ನ್ಯೂನತೆಯ ಮಕ್ಕಳಿಗಾಗಿ ಬಹುಕಾಲದಿಂದ ದುಡಿಯುತ್ತಿರುವ ಶಾಲೆಗಳು ಎರಡೂ ಜಿಲ್ಲೆಗಳಲ್ಲಿವೆ. ನನ್ನ ಅಕ್ಕನ ಮಗನಿಗೆ ಮಧ್ಯಮ ಪ್ರಮಾಣದ ಬೌದ್ಧಿಕ ನ್ಯೂನತೆಯಿದ್ದು, ಸಾಮಾನ್ಯ ಶಾಲೆಯಲ್ಲಿ ಮೂಲೆಯ ಬೆಂಚಿನಲ್ಲಿ ಕೂತು ದಿನ ಕಳೆಯುತ್ತಿದ್ದವನು ವಿಶೇಷ ಶಾಲೆಗೆ ಹೋದ ಮೇಲೆ ತನ್ನ ಬಟ್ಟೆ ತಾನೇ ಹಾಕಿಕೊಳ್ಳುತ್ತಾನೆ, ಅಂಗಡಿಯಿಂದ ಸಾಮಾನು ತಂದು ಚಿಲ್ಲರೆ ಎಣಿಸುತ್ತಾನೆ, ಗೆಳೆಯರ ಹೆಸರು ಹೇಳುತ್ತಾನೆ. ಅಕ್ಕ ಭಾವ ಎರಡು ಮೂರು ಶಾಲೆ ನೋಡಿ, ತರಗತಿಯಲ್ಲಿ ಒಂದು ಬೆಳಿಗ್ಗೆ ಕೂತು, ಮಕ್ಕಳು ಹಾಗೂ ಶಿಕ್ಷಕರ ಸಂಖ್ಯೆ ವಿಚಾರಿಸಿ, ವಾಹನ, ಥೆರಪಿ, ವೃತ್ತಿ ತರಬೇತಿಗಳ ಬಗ್ಗೆ ಕೇಳಿಯೇ ಆರಿಸಿದರು. ಆ ತೀರ್ಮಾನ ಅವರದಾಗಿತ್ತು, ಅದೇ ಅದರ ಬಲ. ಆದರೆ ತಿಳಿದಿರಬೇಕಾದ ಒಂದು ಮಾತಿದೆ: ಈ ಶಾಲೆಗಳ ಅನುದಾನ ಬರುವುದು ಶಿಕ್ಷಣ ಇಲಾಖೆಯಿಂದಲ್ಲ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಿಂದ. ಅಲ್ಲಿಂದ ಮತ್ತೆ ಸಾಮಾನ್ಯ ಶಾಲೆಗೆ ಮರಳುವ ದಾರಿ ಹೋದಷ್ಟು ಸುಲಭವಲ್ಲ. ಡಿಸ್ಲೆಕ್ಸಿಯಾ ಇರುವ, ವಯಸ್ಸಿಗೆ ತಕ್ಕ ಬುದ್ಧಿಯ ಮಗುವನ್ನು ಅಲ್ಲಿಗೆ ಕಳುಹಿಸಿದರೆ ಆ ಮಗುವಿಗೂ ಅನ್ಯಾಯ, ಆ ಜಾಗ ನಿಜವಾಗಿ ಬೇಕಾದ ಇನ್ನೊಂದು ಮಗುವಿಗೂ ಅನ್ಯಾಯ.

ಹೊಸದಾಗಿ ಈ ದಾರಿ ಹಿಡಿಯುವವರಿಗೆ ನನ್ನ ಶಿಫಾರಸು: ಸರಕಾರಿ ಅಥವಾ ಅನುದಾನಿತ ಶಾಲೆಯವರು ಮೊದಲು ಬಿಐಇಆರ್‌ಟಿಯವರನ್ನು ಹುಡುಕಿ, ಆಮೇಲೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ. ಖಾಸಗಿ ಶಾಲೆಯವರು ನೇರವಾಗಿ ಆಸ್ಪತ್ರೆಗೆ ಹೋಗಬಹುದು, ಆದರೆ ಶಾಲೆಗೆ ಲಿಖಿತ ಕೋರಿಕೆ ಕೊಟ್ಟೇ ಹೋಗಿ. ಖಾಸಗಿ ಮೌಲ್ಯಮಾಪನ ಕೇಂದ್ರವನ್ನು ಮೇಲಿನ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಮಾತ್ರ ಆರಿಸಿ. ಶಾಲೆಯ ಮಟ್ಟದಲ್ಲಿ, ಶಿಕ್ಷಣಾಧಿಕಾರಿಗಳ ಮಟ್ಟದಲ್ಲಿ ಕೆಲಸವಾಗದಿದ್ದರೆ ಬೆಂಗಳೂರಿನಲ್ಲಿರುವ, 2016ರ ಕಾಯ್ದೆಯಡಿಯ ರಾಜ್ಯ ಆಯುಕ್ತರಿಗೆ ದೂರು ಬರೆಯಬಹುದು. ನಮಗೆ ಅಲ್ಲಿಯವರೆಗೆ ಹೋಗಬೇಕಾಗಿ ಬರಲಿಲ್ಲ.

ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ರಿಯಾಯಿತಿಗಳ ಬಗ್ಗೆ ಹಲವರು ನನ್ನನ್ನು ಕೇಳಿದ್ದಾರೆ. ಕೇಂದ್ರದ ಮಾರ್ಗಸೂಚಿ ಬರಹಗಾರರ ನೆರವಿಗೆ ಅವಕಾಶ ಕೊಡುತ್ತದೆ, ಪ್ರತಿ ಒಂದು ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಸಮಯವನ್ನೂ ಹೇಳುತ್ತದೆ. ಅದಕ್ಕೆ ಬೇಕಾದ ಕಾಗದಗಳನ್ನು ಹತ್ತನೇ ತರಗತಿಯ ಜನವರಿಯಲ್ಲಿ ಹುಡುಕಲು ಹೊರಟರೆ ವೈದ್ಯಕೀಯ ಮಂಡಳಿಯ ದಿನಾಂಕವೇ ಸಿಗದು. 14 ವರ್ಷಕ್ಕೆ ಆಗಬೇಕಾದ ಮರುಪರೀಕ್ಷೆ ಸಾಮಾನ್ಯವಾಗಿ ಎಂಟನೇ ಅಥವಾ ಒಂಬತ್ತನೇ ತರಗತಿಯಲ್ಲಿ ಬರುತ್ತದೆ. ಹೈಸ್ಕೂಲಿಗೆ ಸೇರಿಸುವ ದಿನವೇ ಮುಖ್ಯ ಶಿಕ್ಷಕರಿಗೆ ಹಳೆಯ ವರದಿ, ಪ್ರಾಥಮಿಕ ಶಾಲೆಯ ಯೋಜನೆಯ ಹಾಳೆ, ಯುಡಿಐಡಿ ಕಾರ್ಡಿನ ಪ್ರತಿ ಮೂರನ್ನೂ ಒಟ್ಟಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ, ಮರುಪರೀಕ್ಷೆಯ ಅರ್ಜಿಯನ್ನು ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ಹಾಕಿ.